ಟೆಂಡರಿನೊಳಗೆ ಕೊಸರು

ಸರ್ಕಾರದ ಜೊತೆ ವ್ಯವಹಾರ ಮಾಡುವವರಲ್ಲಿ ನಮ್ಮ ಕಡೆ ಎರಡು ಗುಂಪು. ಟೆಂಡರು ಸಿಕ್ಕಿದ ಮೇಲೆ ಕಾರು ಕೊಂಡವರದ್ದೊಂದು, ಟೆಂಡರು ಸಿಕ್ಕಿದ ಮೇಲೆ ಕಾರು ಮಾರಿದವರದ್ದು ಇನ್ನೊಂದು. ನನಗಿರುವುದು ಒಂದು ಸ್ಕೂಟರು ಮತ್ತು ಕುಂದಾಪುರ ಪೇಟೆಯ ಒಳರಸ್ತೆಯಲ್ಲೊಂದು ಹಳೆಯ ಪ್ರೆಸ್ಸು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸತ್ತವರ ಬೊಜ್ಜದ ಕಾಗದ ಎಂದು ಊರವರ ಸುಖದುಃಖಗಳಿಗೆಲ್ಲ ನನ್ನ ಪಾಲಿನ ಮುದ್ರಣದೋಷ ಸೇರಿಸುತ್ತ ಬಂದವನು ನಾನು. ಮೇಲೆ ಹೇಳಿದ ಎರಡೂ ಗುಂಪಿಗೆ ಸೇರದೆ ಟೆಂಡರು ಗೆದ್ದ ಒಬ್ಬರೇ ಒಬ್ಬರು ನನಗೆ ಗೊತ್ತಿರುವುದು ನಮ್ಮ ರಾಜೀವಕ್ಕ. ಅವರ ವಿಷಯ ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿಕ್ಕೆ ಅದರಲ್ಲಿ ನನ್ನ ಪಾಲು ಹೆಚ್ಚೇನಿಲ್ಲ. ಪಕ್ಕದ ಮನೆಯ ಹುಡುಗಿಗೆ ರ್‍ಯಾಂಕ್ ಬಂದರೆ ನಾವು ಸಿಹಿ ತಿನ್ನುತ್ತೇವಲ್ಲ, ಹಾಗೆ.

ರಾಜೀವಕ್ಕ ಎಂದರೆ ರಾಜೀವಿ ಶೆಡ್ತಿ. ಹುಟ್ಟಿದ್ದು ಹಟ್ಟಿಯಂಗಡಿಯಲ್ಲಿ, ಕೊಟ್ಟದ್ದು ತ್ರಾಸಿಯ ಹಿರಿಯಣ್ಣ ಶೆಟ್ಟರಿಗೆ. ಶೆಟ್ಟರಿಗೆ ಆಗ ಮುಂಬಯಿ ಕಡೆಯ ಡೊಂಬಿವಿಲಿಯಲ್ಲಿ ಹೋಟೆಲು. ರಸ್ತೆ ಅಗಲ ಮಾಡುವಾಗ ಹೋಟೆಲಿನ ಮುಂಭಾಗ ಹೋಯಿತು, ಹಿಂಭಾಗವನ್ನು ಕಟ್ಟಡದ ಯಜಮಾನ ವಾಪಸು ಕೇಳಿದ. ಗಂಡ ಹೆಂಡತಿ ಊರಿಗೆ ಬಂದರು. ಬಂದ ಮೇಲೆ ಶೆಟ್ಟರು ಊರವರಿಗೆ ಸಲಹೆ ಕೊಡುವ ಕೆಲಸ ಹಿಡಿದರು; ರಾಜೀವಕ್ಕ ನನ್ನ ಪ್ರೆಸ್ಸಿನ ಹಿಂದಿನ ಹಂಚಿನ ಕಟ್ಟಡದಲ್ಲಿ ಒಲೆ ಹಚ್ಚಿದರು. ಜೊತೆಗೆ ಅವರ ಸ್ವಸಹಾಯ ಸಂಘದ ಆರು ಮಂದಿ ಹೆಂಗಸರು. ಸಭೆ ಸಮಾರಂಭಗಳಿಗೆ ಊಟ ಕಳಿಸುತ್ತಿದ್ದರು. ಆಮೇಲೆ ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯ (ಹೆಸರು ಬೇಡ, ಎಲ್ಲರೂ ಒಳ್ಳೆಯವರು) ರೋಗಿಗಳ ಊಟ ಇವರಿಗೆ ಬಂತು. ಕೊಟೇಶನ್ ಕೊಡುವುದು, ಸಾಹೇಬರು ಸಹಿ ಮಾಡುವುದು, ಇವರು ಬೇಯಿಸುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ಏಳು ಮನೆಗಳ ಒಲೆ ಆ ಒಂದು ಒಲೆಯಿಂದ ಹೊತ್ತಿಕೊಳ್ಳುತ್ತಿತ್ತು.

ರಾಜೀವಕ್ಕನ ಅಡುಗೆಯ ಬಗ್ಗೆ ನಾನು ಹೇಳುವುದಕ್ಕಿಂತ ನನ್ನ ಹೊಟ್ಟೆ ಹೇಳುತ್ತದೆ. ಅವರು ಬಡಿಸುವ ಕ್ರಮ ಮಾತ್ರ ಹೇಳಲೇಬೇಕು. ಕುಚ್ಚಿಗೆ ಅಕ್ಕಿಯ ಅನ್ನವನ್ನು ತಟ್ಟೆಗೆ ಹಾಕಿ, ಅಲ್ಲೇ ಕಾದು ನಿಂತು, ಇನ್ನೊಂದು ಸೌಟು ಹಾಕದೆ ಅವರ ಕೈ ಹಿಂದೆ ಸರಿಯುವುದೇ ಇಲ್ಲ. ಕೇಳಿದರೆ ಅವರಿಗೆ ಆಶ್ಚರ್ಯ. “ಕೊಸ್ರ್ ಹಾಕ್ದೆ ಹ್ಯಾಂಗ್?” ನಮ್ಮ ಪೇಟೆಯಲ್ಲಿ ಅದು ಹಾಗೇ. ಮೀನಿನವರು ಬಂಗುಡೆ ಎಣಿಸಿ ಕೊಟ್ಟ ಮೇಲೆ ಒಂದು ಸಣ್ಣದನ್ನು ಚೀಲಕ್ಕೆ ಎಸೆಯುತ್ತಾರೆ, ಬಸಳೆಯವರು ಕಟ್ಟಿನ ಮೇಲೆ ನಾಲ್ಕು ಎಲೆ ಇಡುತ್ತಾರೆ. ಅಳೆದಷ್ಟೇ ಕೊಟ್ಟು ಸುಮ್ಮನಾದವರ ಬಳಿಗೆ ಗಿರಾಕಿ ಎರಡನೇ ಸಲ ಹೋಗುವುದಿಲ್ಲ.

ಒಂದು ದಿನ ಆಸ್ಪತ್ರೆಯಿಂದ ಸುದ್ದಿ ಬಂತು. ಮುಂದಿನ ವರ್ಷದಿಂದ ಕೊಟೇಶನ್ ಗಿಟೇಶನ್ ಇಲ್ಲ. ರೋಗಿಗಳ ಊಟಕ್ಕೆ ಕಂಪ್ಯೂಟರಿನಲ್ಲಿ ಟೆಂಡರು ಕರೆಯುತ್ತಾರೆ, ಯಾರು ಬೇಕಾದರೂ ಹಾಕಬಹುದು. ಸಂಘದ ತುಂಗಾಳಿಗೆ ಬಾಯಿ ಜೋರು. ಅವಳೇ ಮೊದಲು ಕೇಳಿದ್ದು. “ಅಕ್ಕ, ಅಂದ್ರೆ ನಾವ್ ನಾಳಿಂದ ಮನೆಗಾ?”

ಅದೇ ವಾರ ನನ್ನ ಪ್ರೆಸ್ಸಿಗೆ ಒಂದು ಕರಪತ್ರ ಅಚ್ಚಿಗೆ ಬಂತು. ‘ಸರ್ಕಾರಿ ಖರೀದಿ ಮತ್ತು ಗುತ್ತಿಗೆ ಪ್ರಕ್ರಿಯೆ: ಸಣ್ಣ ಪೂರೈಕೆದಾರರಿಗೆ ತರಬೇತಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕಿನವರಿಗೆ. ಮಧ್ಯಾಹ್ನದ ಊಟ ಇದೆ.’ ಕೊನೆಯ ವಾಕ್ಯ ಓದಿ ನಾನು ನನ್ನ ಹೆಸರು ಕೊಟ್ಟೆ. ಸರ್ಕಾರಿ ಕಚೇರಿಗಳ ನಮೂನೆಗಳನ್ನು ಅಚ್ಚು ಹಾಕುವ ಟೆಂಡರು ಹಿಡಿದು ಮದುವೆಯ ಹಂಗಾಮು ಇಲ್ಲದ ಆಷಾಢದಲ್ಲೂ ಪ್ರೆಸ್ಸು ಓಡಿಸಬೇಕು ಎಂಬ ಆಸೆಯೂ ಇತ್ತೆನ್ನಿ. ಇನ್ನೊಂದು ಕರಪತ್ರವನ್ನು ಹಿಂದಿನ ಬಾಗಿಲಿನಿಂದ ರಾಜೀವಕ್ಕನಿಗೆ ಕೊಟ್ಟೆ.

ಹಿರಿಯಣ್ಣ ಶೆಟ್ಟರಿಗೆ ಸುದ್ದಿ ಮುಟ್ಟಿತು. “ಹ್ವಾಯ್ ಲೀಲಾಧರಣ್ಣ, ನಮ್ಮನಿ ಹೆಂಗ್ಸ್ ಈ ಪ್ರಾಯದಲ್ ಶಾಲಿಗ್ ಹೊರ್ಟಿತ್ತ್, ಕಂಡ್ರ್ಯಾ?” ಎಂದು ಪ್ರೆಸ್ಸಿನ ಜಗಲಿಯಲ್ಲಿ ಕೂತು ನನ್ನನ್ನು ಕೂಗಿದರು.

ಒಳಗಿನಿಂದ ರಾಜೀವಕ್ಕನ ಉತ್ತರ ಬಂತು. “ನೀವ್ ಡೊಂಬಿವಿಲಿಯಲ್ ಇಪ್ಪ ಹೊತ್ತಿಗೆ ಎಂತ ಓದಿದ್ರಿ? ಮೆನು ಕಾರ್ಡ್ ಒಂದೇ ಅಲ್ದಾ?”

ತರಬೇತಿ ಕೊಡಲು ಬಂದವರು ಯಾಮಿನಿ ಐತಾಳ. ಸಾಲಿಗ್ರಾಮದ ಹುಡುಗಿ, ಮೂವತ್ತರ ಆಚೀಚೆ, ಖರೀದಿ ಕಾನೂನು ಓದಿಕೊಂಡು ಜಿಲ್ಲೆ ಜಿಲ್ಲೆಗಳಲ್ಲಿ ಇದನ್ನೇ ಕಲಿಸುತ್ತ ತಿರುಗುವವರು. ಕಲಿಸುವುದರಲ್ಲಿ ಎಷ್ಟು ಗಟ್ಟಿಗರೆಂದರೆ ಊಟವಾದ ಮೇಲಿನ ತರಗತಿಯಲ್ಲೂ ನನಗೆ ನಿದ್ದೆ ಬರಲಿಲ್ಲ. ನನ್ನ ಶಾಲೆಯ ಮೇಷ್ಟ್ರುಗಳಲ್ಲಿ ಒಬ್ಬರಿಗೂ ಸಾಧ್ಯವಾಗದ ಕೆಲಸ ಅದು.

“ಟೆಂಡರಿಗೆ ಎರಡು ಲಕೋಟೆ,” ಎಂದರು ಯಾಮಿನಿ. “ಈಗ ಎರಡೂ ಕಂಪ್ಯೂಟರಿನಲ್ಲೇ ಇರ್ತದೆ. ಮೊದಲನೆಯದು ತಾಂತ್ರಿಕ ಲಕೋಟೆ. ನೀವು ಯಾರು, ಅನುಭವ ಏನು, ಲೈಸೆನ್ಸ್ ಉಂಟಾ, ಇಷ್ಟು. ಎರಡನೆಯದು ದರದ ಲಕೋಟೆ. ಮದುವೆ ಸಂಬಂಧದ ಹಾಗೆ ಅಂದ್ಕೊಳ್ಳಿ. ಮೊದಲು ಜಾತಕ. ಅದು ಕೂಡಿದ್ರೆ ಮಾತ್ರ ಖರ್ಚಿನ ಮಾತುಕತೆ. ಜಾತಕ ಕೂಡದಿದ್ರೆ ಎರಡನೇ ಲಕೋಟೆ ತೆರೆಯೂದೇ ಇಲ್ಲ.”

ಮದುವೆಯ ವಿಷಯ ಬಂದದ್ದರಿಂದ ನನಗೆ ಧೈರ್ಯ ಬಂತು. ಅದು ನನ್ನ ಕ್ಷೇತ್ರ. ಎಲ್ಲರೂ ತಮ್ಮ ತಮ್ಮ ಸಾಮಾನಿಗೆ ಒಂದು ಅಭ್ಯಾಸದ ಟೆಂಡರು ತುಂಬಬೇಕು, ಕಾಲ್ಪನಿಕ ಶಾಲೆಯೊಂದಕ್ಕೆ ಪೂರೈಕೆ ಮಾಡುವ ಹಾಗೆ, ಎಂದರು. ನಾನು ಎಲ್ಲರಿಗಿಂತ ಮೊದಲು ಮುಗಿಸಿದೆ. ಯಾಮಿನಿ ನನ್ನದನ್ನು ಎಲ್ಲರಿಗಿಂತ ಮೊದಲು ತಳ್ಳಿಹಾಕಿದರು. ನಾನು ನನ್ನ ದರವನ್ನು ತಾಂತ್ರಿಕ ಲಕೋಟೆಯಲ್ಲೇ ಬರೆದುಬಿಟ್ಟಿದ್ದೆ.

“ಅಂಕಲ್, ಅವರು ಜಾತಕ ಕೇಳಿದ್ರು. ನೀವು ಮದುವೆ ಊಟದ ಲೆಕ್ಕ ಕಳಿಸಿದ್ದೀರಿ,” ಎಂದರು. ಅಂಕಲ್ ಎಂದದ್ದು ತಳ್ಳಿಹಾಕಿದ್ದಕ್ಕಿಂತ ಹೆಚ್ಚು ನೋಯಿಸಿತು.

ಉಳಿದವರದ್ದು ಲಕೋಟೆಯೇನೋ ಸರಿಯಿತ್ತು. ಆದರೆ ಯಾಮಿನಿ ಒಂದೊಂದನ್ನೇ ಓದುತ್ತ ಹೋದ ಹಾಗೆ ಅವರ ಹುಬ್ಬು ಮೇಲೇರುತ್ತ ಹೋಯಿತು. ಬೈಂದೂರಿನ ಫಿನಾಯಿಲ್ ತಯಾರಿಸುವ ಹೆಂಗಸರು, ಹತ್ತು ಕ್ಯಾನಿಗೆ ಒಂದು ಕ್ಯಾನು ಮೇಲೆ, ಜೊತೆಗೆ ಒಂದು ಹಿಡಿಸೂಡಿ ಪೊರಕೆ ಎಂದು ಬರೆದಿದ್ದರು. ಶಂಕರನಾರಾಯಣದ ನರ್ಸರಿಯವರು ಐವತ್ತು ಗಿಡದ ಮೇಲೆ ಎರಡು ಮಲ್ಲಿಗೆ ಬುಡ ಬರೆದಿದ್ದರು. ಬ್ರಹ್ಮಾವರದ ಟೈಲರ್ ಗಣಪಣ್ಣ, ಮಕ್ಕಳ ಸಮವಸ್ತ್ರದ ಜೊತೆಗೆ ಹೆಡ್ ಮಾಸ್ಟರಿಗೊಂದು ಅಂಗಿ ಎಂದು ಬರೆದಿದ್ದರು. ರಾಜೀವಕ್ಕನದ್ದರಲ್ಲಿ ಇಡ್ಲಿಯ ಲೆಕ್ಕ ಮುಗಿದ ಮೇಲೆ ಒಂದು ಸಾಲು: ‘ಹಸಿವಾದ ಮಕ್ಕಳಿಗೆ ಇನ್ನೊಂದು ಹಾಕುತ್ತೇವೆ, ಅದಕ್ಕೆ ದರ ಇಲ್ಲ. ಶುಕ್ರವಾರ ಪಾಯಸ.’

“ನೀವೆಲ್ಲ ಅನರ್ಹರು,” ಎಂದರು ಯಾಮಿನಿ.

ಸಭೆಯಲ್ಲಿ ಗದ್ದಲವೆದ್ದಿತು. ಕೊಟ್ಟದ್ದು ಕಡಿಮೆಯಾಯಿತು ಎಂದು ಬೈಸಿಕೊಂಡವರಿದ್ದಾರೆ, ಹೆಚ್ಚು ಕೊಟ್ಟದ್ದಕ್ಕೆ ಬೈಸಿಕೊಂಡವರು ನಮ್ಮೂರಲ್ಲಿ ಅದೇ ಮೊದಲು.

“ಮೇಡಮ್ಮ, ಕೊಸ್ರ್ ಇಲ್ದೆ ಯಾಪಾರ ಆತ್ತಾ?” ಎಂದು ರಾಜೀವಕ್ಕ ಎದ್ದು ನಿಂತರು.

“ಅಂಗಡಿಯಲ್ಲಿ ಆಗೂದಿಲ್ಲ ರಾಜೀವಕ್ಕ. ನನ್ನ ಅಮ್ಮನೂ ಕೊಸರು ಕೊಡದ ಅಂಗಡಿಗೆ ಹೋಗೂದಿಲ್ಲ. ಆದ್ರೆ ಟೆಂಡರಿನಲ್ಲಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗ್ಬೇಕು. ನೀವು ಪಾಯಸ ಹಾಕಿದ್ರಿ, ಇನ್ನೊಬ್ಬರು ಹೋಳಿಗೆ ಹಾಕಿದ್ರು. ಪಾಯಸ ದೊಡ್ಡದಾ, ಹೋಳಿಗೆ ದೊಡ್ಡದಾ? ತೂಗುವವರು ಅವರಿಗೆ ಬೇಕಾದ್ದನ್ನು ದೊಡ್ಡದು ಮಾಡ್ತಾರೆ.” ಯಾಮಿನಿ ಗಣಪಣ್ಣನ ಕಡೆ ತಿರುಗಿದರು. “ಅಣ್ಣ, ಹೆಡ್ ಮಾಸ್ಟರಿಗೆ ಅಂಗಿ ಎಂತಕೆ?”

“ಮಕ್ಳೆಲ್ಲ ಹೊಸತ್ ಹಾಕ್ಕಂಬತಿಗೆ ಅವ್ರ್ ಒಬ್ರನ್ ಬಿಡೂದ್ ಹ್ಯಾಂಗ್ ಮೇಡಂ? ಬಟ್ಟಿ ಹ್ಯಾಂಗೂ ಉಳಿತ್ತ್,” ಎಂದರು ಗಣಪಣ್ಣ. ಪಾಪ, ಮನಸ್ಸಿನಲ್ಲಿ ಅದರಾಚೆ ಒಂದು ಎಳೆ ನೂಲಿನಷ್ಟೂ ಇರಲಿಲ್ಲ.

“ನಿಮ್ಮ ಮುಖ ನೋಡಿದ್ರೆ ಅದು ಗೊತ್ತಾಗ್ತದೆ. ಕಾಗದ ನೋಡಿದ್ರೆ ಗೊತ್ತಾಗೂದಿಲ್ಲ. ಇನ್ನೊಬ್ಬ ಬೇರೆ ಮನಸ್ಸಿನಿಂದ ಸಾಹೇಬರಿಗೆ ಅಂಗಿ ಕೊಡ್ತಾನೆ. ಕಾಗದದ ಮೇಲೆ ಎರಡು ಅಂಗಿಯೂ ಒಂದೇ.”

ಗಣಪಣ್ಣ ತನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ರಾಜೀವಕ್ಕ ಕೂತರು, ಆದರೆ ಅವರ ಮುಖದಲ್ಲಿ ಒಪ್ಪಿದ ಕಳೆ ಇರಲಿಲ್ಲ. ಮರುದಿನ ಬೆಳಿಗ್ಗೆ ಹಾಜರಿ ಮುಗಿಯುವ ಮೊದಲೇ ಕೈ ಎತ್ತಿದರು.

“ಮೇಡಮ್ಮ, ನಾನೊಬ್ಳೇ ಕೊಸ್ರ್ ಕೊಡುಕಾಗ, ಸರಿ. ಎಲ್ಲರೂ ಕೊಡ್ಕ್ ಅಂದೇಳಿ ಸರ್ಕಾರವೇ ಬರೀಲಿಕ್ಕೆ ಆತ್ತಾ?”

ಯಾಮಿನಿ ಹಾಜರಿ ಪಟ್ಟಿ ಕೆಳಗಿಟ್ಟರು. ಆ ಹುಡುಗಿಯ ಮುಖದಲ್ಲಿ ನಗು ಹರಡಿದ್ದನ್ನು ನಾನು ಹಿಂದಿನ ಬೆಂಚಿನಿಂದಲೂ ಕಂಡೆ. “ಆಗ್ತದೆ. ಅದಕ್ಕೊಂದು ಸಭೆಯೇ ಉಂಟು. ಪ್ರೀ-ಬಿಡ್ ಮೀಟಿಂಗ್ ಅಂತ. ದರ ಹಾಕುವ ಮೊದಲು ಕರೀತಾರೆ. ಟೆಂಡರಿನಲ್ಲಿ ಏನು ಸರಿ ಇಲ್ಲ, ಏನು ಬದಲಾಗಬೇಕು ಅಂತ ಯಾರೂ ಕೇಳ್ಬಹುದು. ಒಪ್ಪಿದ್ರೆ ತಿದ್ದುಪಡಿ ಹೊರಡಿಸ್ತಾರೆ. ಅದು ಆಮೇಲೆ ಎಲ್ಲರಿಗೂ ಒಂದೇ. ನಮ್ಮಲ್ಲಿ ಹೆಚ್ಚಿನವರು ಆ ಸಭೆಗೆ ಹೋಗೂದೇ ಇಲ್ಲ. ಹೋದವರು ಟೀ ಕುಡಿದು ಬರ್ತಾರೆ.”

ನಾನು ತಲೆ ತಗ್ಗಿಸಿದೆ. ಹೋಗಿದ್ದರೆ ನಾನೂ ಅಷ್ಟೇ ಮಾಡುತ್ತಿದ್ದೆ.

ಕೊನೆಯ ದಿನ ಪರೀಕ್ಷೆಯಾಯಿತು. ರಾಜೀವಕ್ಕನಿಗೆ ‘ಉತ್ತೀರ್ಣ’ ಎಂಬ ಪ್ರಮಾಣಪತ್ರ ಬಂತು, ನನಗೆ ‘ಭಾಗವಹಿಸಿದ್ದಾರೆ’ ಎಂಬುದು. ಆ ಪ್ರಮಾಣಪತ್ರಗಳನ್ನು ಅಚ್ಚು ಹಾಕಿದ್ದು ಮಂಗಳೂರಿನ ಒಂದು ಪ್ರೆಸ್ಸು. ಟೆಂಡರಿನ ಮೂಲಕ.

ಮಳೆಗಾಲ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಊಟದ ಟೆಂಡರು ಬಂದೇ ಬಂತು. ಅಡುಗೆಮನೆಗೆ ಕಂಪ್ಯೂಟರಿಲ್ಲದ ಕಾರಣ ನನ್ನ ಪ್ರೆಸ್ಸಿನದ್ದರಲ್ಲೇ ಓದಿದೆವು. ಹೆಂಗಸರೆಲ್ಲ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಹಿಂದೆ ನಿಂತರು. ಒಬ್ಬ ರೋಗಿಗೆ ಇಷ್ಟು ಗ್ರಾಂ ಅಕ್ಕಿ, ಇಷ್ಟು ಗ್ರಾಂ ತರಕಾರಿ, ಇಷ್ಟು ಮಿಲಿ ಸಾಂಬಾರು. ಅಲ್ಲಿಗೆ ಮುಗಿಯಿತು. ಇನ್ನೊಂದು ಸೌಟಿನ ಮಾತೇ ಇಲ್ಲ.

“ಮಿಲಿ ಲೆಕ್ಕದಲ್ ಬಡ್ಸುಕೆ ಇದ್ ಸಾಂಬಾರಾ, ಕೆಮ್ಮಿನ್ ಔಷ್ದಿಯಾ?” ಎಂದಳು ತುಂಗಾ.

ಎಲ್ಲರೂ ನಕ್ಕರು, ರಾಜೀವಕ್ಕ ನಗಲಿಲ್ಲ. ತೊಡಕು ಅವರಿಗೆ ಆಗಲೇ ಕಂಡಿತ್ತು. ಇಷ್ಟು ವರ್ಷ ಅವರು ಹಾಕುತ್ತಿದ್ದ ಇನ್ನೊಂದು ಸೌಟನ್ನು ಸೇರಿಸಿ ದರ ಹಾಕಿದರೆ, ಗ್ರಾಮಿಗೆ ಸರಿಯಾಗಿ ದರ ಹಾಕುವ ಹೊರಗಿನ ದೊಡ್ಡ ಏಜೆನ್ಸಿಯವರು ಗೆಲ್ಲುತ್ತಾರೆ, ಅಡುಗೆಮನೆ ಮುಚ್ಚುತ್ತದೆ. ಇವರೂ ಗ್ರಾಮಿಗೆ ಸರಿಯಾಗಿ ಹಾಕಿದರೆ ಗೆಲ್ಲಬಹುದು, ಆದರೆ ದೋಣಿಯಿಂದ ಬಿದ್ದು ಕಾಲು ಮುರಿದುಕೊಂಡ ಮೀನುಗಾರ ತಟ್ಟೆ ಮುಂದೆ ಚಾಚಿದಾಗ ಸೌಟು ಹಿಂದಕ್ಕೆ ತೆಗೆಯಬೇಕು.

ಹಿರಿಯಣ್ಣ ಶೆಟ್ಟರು ಡೊಂಬಿವಿಲಿಯ ಅನುಭವ ತೆಗೆದರು. “ಇಷ್ಟಕ್ಕೆಲ್ಲ ತಲಿಬಿಸಿ ಎಂತಕೆ? ದರ ಕಮ್ಮಿ ಹಾಕ್. ಅನ್ನ ಬೇಕಾರೆ ಮತ್ತೊಂದ್ ಸೌಟ್ ಕೊಡ್. ಸಾಂಬಾರಿಗ್ ಒಂಚೂರ್ ನೀರ್ ಬಿಟ್ರೆ ಬರೋಬ್ಬರ್ ಆಯ್ತ್.”

“ಹಾಂಗೆ ನೀರ್ ಬಿಟ್ ಬಿಟ್ಟೇ ಡೊಂಬಿವಿಲಿ ಹೋಟ್ಲ್ ತೇಲಿ ಹೋದ್ದಾ?” ಎಂದರು ರಾಜೀವಕ್ಕ. ಶೆಟ್ಟರು ರಸ್ತೆ ಅಗಲದ ವಿಷಯ ಎತ್ತಿಕೊಂಡು ಜಗಲಿಗೆ ಹೋದರು.

ಪ್ರೀ-ಬಿಡ್ ಸಭೆಗೆ ರಾಜೀವಕ್ಕ, ತುಂಗಾ, ಅವರ ಜೊತೆ ನಾನು. ನನ್ನ ಕೆಲಸ ಅರ್ಜಿ ಹಿಡಿದುಕೊಳ್ಳುವುದು. ಅರ್ಜಿ ನಾನೇ ಅಚ್ಚು ಹಾಕಿದ್ದು. ಬಿಳಿ ಹಾಳೆ ಖಾಲಿಯಾಗಿತ್ತೆಂದು ಮದುವೆ ಕಾಗದದ ಹಾಳೆಯಲ್ಲಿ ಹಾಕಿದ್ದರಿಂದ ಮೇಲೆ ಗಣಪತಿ, ಎರಡೂ ಬದಿ ಬಾಳೆಗಿಡ, ಕೆಳಗೆ ‘ಮಾನ್ಯ ಆಡಳಿತಾಧಿಕಾರಿಯವರಿಗೆ’. ಆಡಳಿತಾಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ, “ಮುಹೂರ್ತ ಎಷ್ಟು ಗಂಟೆಗೆ?” ಎಂದು ಕೇಳಿದರು. ಸಭೆ ನಕ್ಕಿತು. ರಾಜೀವಕ್ಕ ನನ್ನ ಕಡೆ ನೋಡಿದ ನೋಟಕ್ಕೆ ಆ ಗಣಪತಿಯೂ ಮುಖ ತಿರುಗಿಸಬೇಕಿತ್ತು.

ಎದುರಿಗೆ ದೊಡ್ಡ ಏಜೆನ್ಸಿಯ ಮ್ಯಾನೇಜರು ಯೋಗೀಶ್. ಹೊರ ಜಿಲ್ಲೆಯವರು, ಇಸ್ತ್ರಿ ಅಂಗಿ, ಮಡಿಲಲ್ಲಿ ಲ್ಯಾಪ್‌ಟಾಪು. ಕೆಟ್ಟವರೇನಲ್ಲ, ಲೆಕ್ಕದವರು. ರಾಜೀವಕ್ಕ ಎದ್ದು ನಿಂತರು. ಪುಸ್ತಕದ ಕನ್ನಡದಲ್ಲಿ ಮಾತಾಡಲು ಹೊರಟು ಎರಡು ವಾಕ್ಯ ಹೇಳಿದರು, ಸಿಕ್ಕಿಕೊಂಡರು, ಆಮೇಲೆ ಅದನ್ನು ಬಿಟ್ಟು ತಮ್ಮ ಮಾತಿಗೇ ಇಳಿದರು.

“ಸಾರ್, ಗ್ರಾಂ ಲೆಕ್ಕ ಇರ್ಲಿ. ಬೇಡ ಅಂಬುದಿಲ್ಲೆ. ಆರೆ ಕೇಂಡವ್ರಿಗೆ ಅನ್ನ, ಗಂಜಿ ಎರಡ್ನೇ ಸಲ ಬಡ್ಸ್ಕ್ ಅಂದೇಳಿ ಅದ್ರಲ್ಲೇ ಬರೀನಿ. ನಂಗೊಬ್ಳಿಗೆ ಅಲ್ಲ. ಯಾರ್ ಗೆದ್ರೂ ಬಡ್ಸ್ಕ್. ದರ ಹಾಕುವವ್ರೆಲ್ಲ ಅದ್ನ ಸೇರ್ಸಿಯೇ ಹಾಕ್ಲಿ.”

ಯೋಗೀಶ್ ಲ್ಯಾಪ್‌ಟಾಪು ಮುಚ್ಚಿದರು. “ಮೇಡಂ, ಇದು ಆಸ್ಪತ್ರೆ, ಮದುವೆ ಹಾಲ್ ಅಲ್ಲ. ಎರಡನೇ ಸಲ ಅಂತ ಬರೆದರೆ ಜನ ಹತ್ತು ಸಲ ಕೇಳ್ತಾರೆ.”

“ಆಸ್ಪತ್ರೆಯಲ್ ಕೂಕಂಡ್ ಹತ್ತ್ ಸಲ ಉಂಬರ್ ಇದ್ರೆ ಅವ್ರನ್ನ ಡಿಸ್ಚಾರ್ಜ್ ಮಾಡಿ ಅಣ್ಣ. ಕಾಯ್ಲಿ ಗುಣ ಆಯ್ತ್ ಅಂತ್ಲೇ ಲೆಕ್ಕ.”

ಈ ಸಲದ ನಗು ಮೊದಲಿನ ನಗುವಿನ ಹಾಗಿರಲಿಲ್ಲ. ಯೋಗೀಶರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಆಸ್ಪತ್ರೆಯ ಡಾಕ್ಟರಮ್ಮ, “ಊಟ ಸಾಕಾಗದೆ ರಾತ್ರಿ ಬಿಸ್ಕತ್ತು ತಿನ್ನೋದಕ್ಕಿಂತ ಇದು ಒಳ್ಳೆಯದು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ನಮ್ಮನ್ನು ಕೇಳಿ ಬಡಿಸಲಿ,” ಎಂದರು. ಆಡಳಿತಾಧಿಕಾರಿ ಬರೆದುಕೊಂಡರು. ಪರಿಶೀಲಿಸುತ್ತೇವೆ ಎಂದರು. ಸರ್ಕಾರಿ ಭಾಷೆಯಲ್ಲಿ ಆ ಮಾತಿಗೆ ‘ಹೋಗಿ ಬನ್ನಿ’ ಎಂದರ್ಥ ಎಂದು ನಾನು ತಿಳಿದಿದ್ದೆ.

ಹೊರಗೆ ಬಂದ ಮೇಲೆ ತುಂಗಾ ತಡೆಯಲಾರದೆ ಹೇಳಿದಳು. “ಅಕ್ಕ, ನಮ್ದ್ ಅಂದೇಳಿ ಇದ್ದದ್ದ್ ಅದೊಂದೇ ಬಲ. ಅದ್ನೂ ಎಲ್ಲರಿಗ್ ಹಂಚಿ ಬಂದ್ರ್ಯಲೆ!”

“ಹೌದೇ.”

“ಇನ್ ನಾವ್ ಸೋತ್ರೆ?”

ರಾಜೀವಕ್ಕ ನಡೆಯುತ್ತಲೇ ಹೇಳಿದರು. “ಸೋತ್ರೆ ಅಡ್ಗಿ ಮಾಡೂದ್ ಬೇರೆಯವ್ರ್. ಉಂಬರ್ ನಮ್ಮೂರಿನವ್ರೇ ಅಲ್ದಾ ತುಂಗಾ? ನಾಳೆ ನಿನ್ನ್ ಗಂಡನೇ ಅಲ್ಲಿ ಮಲ್ಗಿರೂಕೂ ಸಾಕ್.”

“ಅವ್ರ್ ಹತ್ತ್ ಸಲ ಕೇಂಬರೇ ಸೈ,” ಎಂದಳು ತುಂಗಾ.

ನನ್ನ ತಿಳುವಳಿಕೆ ತಪ್ಪಾಯಿತು. ವಾರದೊಳಗೆ ತಿದ್ದುಪಡಿ ಹೊರಬಿತ್ತು. ‘ವೈದ್ಯಕೀಯ ನಿರ್ಬಂಧವಿಲ್ಲದ ರೋಗಿಗಳು ಕೋರಿದಲ್ಲಿ ಅನ್ನ ಅಥವಾ ಗಂಜಿಯನ್ನು ಎರಡನೇ ಬಾರಿ ಬಡಿಸತಕ್ಕದ್ದು. ಸದರಿ ವೆಚ್ಚವನ್ನು ದರದಲ್ಲಿ ಒಳಗೊಂಡಿರತಕ್ಕದ್ದು.’ ನಾನು ಅದನ್ನು ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಓದಿ ಎಂದರು ರಾಜೀವಕ್ಕ. ಇನ್ನೊಮ್ಮೆ ಓದಿದೆ. ಹಟ್ಟಿಯಂಗಡಿಯ ಹೆಂಗಸೊಬ್ಬಳ ಸೌಟು ಸರ್ಕಾರದ ಬಾಯಲ್ಲಿ ‘ತಕ್ಕದ್ದು’ ಆದದ್ದನ್ನು ಕೇಳಿ ನನ್ನ ಮೈ ಜುಂ ಎಂದಿತು. ಅಚ್ಚಿನ ಮನೆಯಲ್ಲಿ ಇಷ್ಟು ವರ್ಷ ಕಳೆದವನು ನಾನು. ಒಂದು ಒಳ್ಳೆಯ ವಾಕ್ಯ ಕಂಡರೆ ಗೊತ್ತಾಗುತ್ತದೆ.

ಹೆಮ್ಮೆಯಿಂದ ಟೆಂಡರು ಗೆಲ್ಲುವುದಿಲ್ಲವಲ್ಲ. ದರ ಹಾಕುವ ದಿನ ಬಂತು. ಕಂಪ್ಯೂಟರಿನಲ್ಲಿ ಸಹಿ ಮಾಡುವುದಕ್ಕೆ ಬೆರಳುದ್ದದ ಒಂದು ಕಡ್ಡಿ ಕೊಡುತ್ತಾರೆ, ಡಿಜಿಟಲ್ ಸಹಿಯದ್ದು. ರಾಜೀವಕ್ಕ ಅದನ್ನು ಕಪಾಟಿನ ಬೀಗದ ಕೈಯ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ತಾಂತ್ರಿಕ ಲಕೋಟೆಗೆ ಜಾತಕ, ದರದ ಲಕೋಟೆಗೆ ದರ. ನಾನು ಎರಡೆರಡು ಸಲ ನೋಡಿದೆ. ರಾಜೀವಕ್ಕ ನನ್ನನ್ನು ನಂಬದೆ ಮೂರನೆಯ ಸಲ ನೋಡಿದರು. ಕೊನೆಗೆ ಪರದೆಯ ಮೇಲೆ ಒಂದು ಖಾಲಿ ಚೌಕ ಬಂತು: ‘ಇತರೆ ವಿವರ, ಇದ್ದಲ್ಲಿ.’

ಅವರ ಕಣ್ಣು ಅಲ್ಲೇ ನಿಂತಿತು. ಚೌಕ ಖಾಲಿ ಇದೆ, ತಟ್ಟೆಯ ಹಾಗೆ. ಖಾಲಿ ತಟ್ಟೆ ನೋಡಿ ಸುಮ್ಮನಿರುವುದು ಅವರ ಜಾಯಮಾನದಲ್ಲೇ ಇಲ್ಲ.

“ಲೀಲಾಧರಣ್ಣ… ಶುಕ್ರವಾರ ಪಾಯಸ?”

“ರಾಜೀವಕ್ಕ, ಅನರ್ಹ ಆತ್ರಿ ಕಾಣಿ.”

“ಒಂದ್ ಸಣ್ಣ ಲೋಟದಲ್ಲಿ?”

“ಬೇಡ.”

ಅವರು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆಯೇ ಕೂತರು. ಎಡಗೈಯಲ್ಲಿ ಗುಂಡಿ ಒತ್ತಿದರು. ಟೆಂಡರು ಹೋಯಿತು. ನಾನು ಕಂಡ ಸಂಯಮಗಳಲ್ಲಿ ಅದು ಬಹಳ ದೊಡ್ಡದು. ಇಂಥದ್ದೇ ಖಾಲಿ ಜಾಗ ಸಿಕ್ಕಿದಾಗಲೆಲ್ಲ ಮದುವೆ ಕಾಗದದಲ್ಲಿ ಸ್ವಂತ ಕವನ ಸೇರಿಸಿ ಬೈಸಿಕೊಂಡವನು ನಾನು.

ದರ ತೆರೆದ ದಿನ ಬೆಳಿಗ್ಗೆ ಪ್ರೆಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸಂಘದವರೆಲ್ಲ ಬಂದಿದ್ದರು. ಹಿರಿಯಣ್ಣ ಶೆಟ್ಟರು ತಮಗೆ ಇದರಲ್ಲಿ ಆಸಕ್ತಿಯೇ ಇಲ್ಲವೆಂದು ಹೇಳುತ್ತ ಎಲ್ಲರಿಗಿಂತ ಮುಂದೆ ಕೂತಿದ್ದರು. ಪರದೆಯ ನಡುವೆ ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಪಟ್ಟಿ ಬಂತು. ಕೆಲವರು ಜಾತಕದಲ್ಲೇ ಹೋಗಿದ್ದರು. ಅವರ ಬಗ್ಗೆ ನನಗೆ ಬಂಧುತ್ವ ಹುಟ್ಟಿತು. ಉಳಿದವರಲ್ಲಿ ಅತಿ ಕಡಿಮೆ ದರದವರನ್ನು ಎಲ್-ಒನ್ ಎನ್ನುತ್ತಾರೆ. ಅಲ್ಲಿ ರಾಜೀವಕ್ಕನ ಸಂಘದ ಹೆಸರಿತ್ತು. ಯೋಗೀಶರ ಏಜೆನ್ಸಿ ಅದರ ಕೆಳಗೆ.

ಆಮೇಲೆ ಯೋಗೀಶರೇ ಫೋನು ಮಾಡಿ ಶುಭಾಶಯ ಹೇಳಿದಾಗ ಕಾರಣ ತಿಳಿಯಿತು. ಎರಡನೇ ಸಲ ಬಡಿಸುವುದಕ್ಕೆ ಎಷ್ಟು ಹೋಗಬಹುದೆಂದು ಅವರ ಕಂಪನಿಗೆ ಅಂದಾಜಿರಲಿಲ್ಲ. ಹೆದರಿಕೆಗೆ ದರ ಏರಿಸಿದ್ದರು. ರಾಜೀವಕ್ಕನಿಗೆ ಅದು ಹೊಸ ಖರ್ಚಲ್ಲ, ಹಳೆಯ ಅಭ್ಯಾಸ. ಜ್ವರ ಬಂದವರು ಎರಡನೇ ಸೌಟು ಕೇಳುವುದು ಗುಣವಾಗತೊಡಗಿದ ಮೇಲೆಯೇ ಎಂಬುದು ಅವರಿಗೆ ಬಡಿಸಿ ಬಡಿಸಿ ಗೊತ್ತು.

ಆ ಬೆಳಿಗ್ಗೆ ಇದೊಂದೂ ಗೊತ್ತಿರಲಿಲ್ಲ. ತುಂಗಾ ಪರದೆಯ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅರಸಿನದ ಕಲೆ ಇವತ್ತಿಗೂ ಅಲ್ಲಿದೆ, ನಾನು ಒರೆಸಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಳುವುದೋ ನಗುವುದೋ ಎಂದು ನಿಂತಿದ್ದ ಹೆಂಗಸರನ್ನು ರಾಜೀವಕ್ಕ ಎಚ್ಚರಿಸಿದರು. “ಎಲ್-ಒನ್ ಆಯ್ತ್ ಅಂದೇಳಿ ಗಂಜಿ ತನ್ನಷ್ಟಕ್ ಬೇಯತ್ತಾ? ಹೊರ್ಡಿನಿ!” ಎಲ್ಲರೂ ಹಿಂದಿನ ಬಾಗಿಲಿನಿಂದ ಓಡಿದರು. ಪ್ರೆಸ್ಸಿನಲ್ಲಿ ನಾನೂ ಶೆಟ್ಟರೂ ಉಳಿದೆವು. ಶೆಟ್ಟರು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು, “ಶಾಯಿ ವಾಸ್ನಿ ಮಾರಾಯ್ರೆ ನಿಮ್ಮಲ್ಲಿ,” ಎಂದರು. ನನ್ನಲ್ಲಿ ಈಗ ಇರುವುದು ವಾಸನೆಯಿಲ್ಲದ ಕಂಪ್ಯೂಟರ್ ಪ್ರಿಂಟರು. ಆದರೂ ಎದ್ದು ಕಿಟಕಿ ತೆರೆದೆ.

ಈಗ ಅಡುಗೆಮನೆಯಲ್ಲಿ ಏಳರ ಬದಲು ಹತ್ತು ಮಂದಿ. ಯಾಮಿನಿ ನಮ್ಮ ಕಡೆ ತರಬೇತಿ ಇಟ್ಟಾಗಲೆಲ್ಲ ಒಂದು ಗಂಟೆ ರಾಜೀವಕ್ಕನಿಗೆ ಬಿಟ್ಟುಕೊಡುತ್ತಾರೆ. ಮೊನ್ನೆ ಬೈಂದೂರಿನಲ್ಲಿತ್ತು. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದ್ದೇ ತಡ, ಹಿರಿಯಣ್ಣ ಶೆಟ್ಟರು ಇಡೀ ಬಸ್ಸಿಗೆ ಕೇಳುವ ಹಾಗೆ, “ಬೈಂದೂರ್. ನಮ್ಮನಿಯವ್ರದ್ ಅಲ್ಲಿ ಪಾಠ ಇತ್ತ್, ಟೆಂಡರಿಂದ್,” ಎಂದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಎರಡನೇ ಸಲ ತರಬೇತಿಗೆ ಹೊರಟವನು ನಾನೊಬ್ಬನೇ. ನಮೂನೆ ಅಚ್ಚು ಹಾಕುವ ಟೆಂಡರಿನ ಆಸೆ ನನಗಿನ್ನೂ ಬಿಟ್ಟಿಲ್ಲ.

ತರಗತಿಯಲ್ಲಿ ಎಳೆಯ ಪ್ರಾಯದ ಹೆಂಗಸೊಬ್ಬಳು ಎದ್ದು ಕೇಳಿದಳು. ಶಾಲೆಗಳಿಗೆ ಚಾಪೆ ಹೆಣೆದು ಕೊಡುವ ಸಂಘದವಳಂತೆ. “ಅಕ್ಕ, ನಾವ್ ಸಣ್ಣವ್ರ್. ಅಷ್ಟ್ ದೊಡ್ಡವ್ರ್ ಇಪ್ಪ ಸಭೆಯಲ್ ನಮ್ಮ್ ಮಾತ್ ಯಾರ್ ಕೇಂತ್ರ್?”

ರಾಜೀವಕ್ಕ ಕನ್ನಡಕ ಸರಿಮಾಡಿಕೊಂಡರು. “ಮೊದ್ಲ್ ನಗಾಡ್ತ್ರ್. ನಗಾಡ್ಲಿ. ಹೋಪತಿಗೆ ಒಬ್ಳೇ ಹೋಯ್ಬೇಡ, ಜೊತಿಗೆ ಬಾಯಿ ಜೋರಿದ್ದವ್ಳೊಬ್ಳನ್ನ ಕರ್ಕಂಡ್ ಹೋಗ್. ಬಾಗ್ಲ್ ಹತ್ರ ಕೂಕಣ್ಬೇಡ, ಮುಂದಿನ್ ಸಾಲಲ್ ಕೂಕೊ. ಟೀ ಕಡೇಗ್ ಕುಡಿ.” ಅಷ್ಟು ಹೇಳಿ ಒಂದು ಕ್ಷಣ ನನ್ನ ಕಡೆ ನೋಡಿದರು. “ಅರ್ಜಿ ಮಾತ್ರ ಬಿಳಿ ಹಾಳೆಯಲ್ಲೇ ಬರಿ.”